ತಪ್ಪೇ ಸಿಗದ ಪೆಟ್ಟಿಗೆ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಇಪ್ಪತ್ತಾರು ವರ್ಷದಿಂದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೇನೆ. ದಿನವಿಡೀ ಕೆಂಪು ಪೆನ್ನು ಹಿಡಿದು ಕೂತವನಿಗೆ ಮನೆಗೆ ಬಂದರೂ ಆ ಚಟ ಬಿಡುವುದಿಲ್ಲ. ಬಾಗಿಲು ಕಿರುಗುಟ್ಟಿದರೆ, ನಲ್ಲಿ ತೊಟ್ಟಿಕ್ಕಿದರೆ, ಹೆಂಡತಿ ಹೇಳುವ ಸುದ್ದಿಯಲ್ಲಿ ಮಂಗಳವಾರ ಹೋಗಿ ಬುಧವಾರ ಬಂದರೆ, ಅಲ್ಲೇ ಹಿಡಿದುಬಿಡುತ್ತೇನೆ. ‘ನಿಮ್ಮ ಜೊತೆ ಬಾಳೋದು ದಿನಾ ಪರೀಕ್ಷೆ ಬರ್ದ ಹಾಗೆ’ ಎಂದು ಅವಳು ಅನ್ನುವುದುಂಟು. ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ. ಒಬ್ಬ ಹಿರಿಯ ಬಡಗಿಯವರ ವಿಷಯದಲ್ಲಿ ಮಾಡಬಾರದ್ದನ್ನು ಮಾಡಿದ ಮೇಲೆ ಆ ಮಾತು ಕೇಳಿದರೆ ಮೈ ಮುದುಡುತ್ತದೆ.

ಮಾವನವರು ತೀರಿಕೊಂಡಾಗ ನನ್ನ ಹೆಂಡತಿ ತವರಿನಿಂದ ಕೇಳಿ ತಂದದ್ದು ಅವರ ಹಳೆಯ ಎರಡು ಸ್ಪೀಕರುಗಳನ್ನು ಮಾತ್ರ. ಸ್ಪೀಕರು ಇನ್ನೂ ಗಟ್ಟಿಮುಟ್ಟಾಗಿದ್ದವು, ಆದರೆ ಅವು ಕೂತಿದ್ದ ಪೆಟ್ಟಿಗೆಗಳು ತೇವ ಕುಡಿದು ನೆನೆದ ಬ್ರೆಡ್ಡಿನ ಹಾಗೆ ಉಬ್ಬಿದ್ದವು. ಹೊಸ ಪೆಟ್ಟಿಗೆ ಮಾಡಿಸೋಣ, ಅದೇನು ಮಹಾ ಎಂದುಕೊಂಡೆ. ಮೊದಲನೆಯ ಬಡಗಿ ಅಡುಗೆಮನೆಯ ಕಪಾಟಾದರೆ ಮಾಡುತ್ತೇನೆ, ಇಂಥದಕ್ಕೆಲ್ಲ ಪುರುಸೊತ್ತಿಲ್ಲ ಎಂದ. ಎರಡನೆಯವನು ಮೂರು ಸಲ ಬಂದು ಅಳತೆ ತೆಗೆದ, ಮೂರು ಸಲವೂ ಬೇರೆ ಬೇರೆ ಅಳತೆ ಬಂತು, ನಾಲ್ಕನೆಯ ಸಲ ಅವನೇ ಬರಲಿಲ್ಲ. ಮೂರನೆಯವನು ಮಾಡಿಯೇನೋ ಕೊಟ್ಟ. ಅದರ ಮೂಲೆಯ ಸಂದಿನಲ್ಲಿ ಇರುವೆಗಳು ಸಂಸಾರ ಸಮೇತ ಹೋಗಿಬರಬಹುದಿತ್ತು. ಸ್ಪೀಕರಿನ ಪೆಟ್ಟಿಗೆಯಲ್ಲಿ ಗಾಳಿ ಸೋರಿದರೆ ಸದ್ದು ಒಡೆಯುತ್ತದೆ ಎಂದು ವಿವರಿಸಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದ.

ಕೊನೆಗೆ ಮರದ ಡಿಪೋದವನು ಒಬ್ಬರ ವಿಳಾಸ ಬರೆದುಕೊಟ್ಟ. ಅವರ ಬೀದಿಯ ಮಕ್ಕಳು ಅವರನ್ನು ಟಕಟಕ ತಾತ ಎನ್ನುತ್ತಾರಂತೆ. ಯಾವ ಹಲಗೆಯನ್ನಾದರೂ ಗೆಣ್ಣಿನಿಂದ ಟಕಟಕ ಬಡಿದು ನೋಡದೆ ಮುಟ್ಟುವವರಲ್ಲ. ಮೂವತ್ತು ವರ್ಷದಲ್ಲಿ ಅವರು ಮಾಡಿಕೊಟ್ಟದ್ದು ಒಂದೂ ವಾಪಸ್ಸು ಬಂದಿಲ್ಲ ಎಂದ ಡಿಪೋದವನು. ಹಾಗೆ ಬಂದ ದಿನ ಉಳಿ ಕೆಳಗಿಡುತ್ತೇನೆ ಎಂದು ಅವರು ಮಗಳಿಗೆ ಮಾತು ಕೊಟ್ಟಿದ್ದಾರೆ ಎಂದೂ ಹೇಳಿದ.

ಮನೆಯ ಹಿಂದಿನ ತಗಡಿನ ಶೆಡ್ಡೇ ಅವರ ಕಾರ್ಖಾನೆ. ಗೋಡೆಗೆ ಉಳಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ನೆಲದ ಮೇಲೆ ಮರದ ಒಂದು ಸಿಪ್ಪೆಯೂ ಇರಲಿಲ್ಲ. ಎಪ್ಪತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ, ಅಂಗೈ ಮಾತ್ರ ಮೈಗೆ ಮೀರಿದ್ದು. ನಾನು ಬರೆದು ತಂದಿದ್ದ ಪೆಟ್ಟಿಗೆಯ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಗಿಲೇ ಇಲ್ಲದ ಪೆಟ್ಟಿಗೆಯೊಳಗೆ ಏನಿಡುತ್ತೀರಿ ಎಂದು ಕೇಳಿದರು. ಏನೂ ಇಲ್ಲ, ಗಾಳಿ ಎಂದೆ.

“ಗಾಳಿಗೆ ಇಷ್ಟು ದಪ್ಪ ಗೋಡೆನಾ? ಭಾರೀ ಶ್ರೀಮಂತ ಗಾಳಿ ಬಿಡಿ” ಎಂದು ನಕ್ಕು ಕೆಲಸ ಒಪ್ಪಿಕೊಂಡರು.

ಪ್ಲೈವುಡ್ ತರಲು ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋದರು. ಹನ್ನೊಂದು ಹಾಳೆಗಳನ್ನು ಇಂಚಿಂಚೂ ಬಡಿದು ನೋಡಿ, ಒಳಪದರದಲ್ಲಿ ಟೊಳ್ಳಿದೆ ಎಂದು ಒಂಬತ್ತನ್ನು ಪಕ್ಕಕ್ಕೆ ಸರಿಸಿದರು. ಅಂಗಡಿಯವನು ಹಲ್ಲು ಕಡಿಯುತ್ತಿದ್ದ. ನನಗೆ ಮಾತ್ರ ಸ್ವರ್ಗ ಸಿಕ್ಕಂತಾಗಿತ್ತು, ನನಗಿಂತ ದೊಡ್ಡ ತಪ್ಪು ಹುಡುಕುವವರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಡಿಯುವಾಗ ಅವರು ಕಿವಿ ಕೊಡುತ್ತಿರಲಿಲ್ಲ, ಇನ್ನೊಂದು ಅಂಗೈಯನ್ನು ಹಲಗೆಯ ಹಿಂದೆ ಇಟ್ಟಿರುತ್ತಿದ್ದರು ಎಂಬುದನ್ನು ನೋಡಿದ್ದೆ. ನೋಡಿದ್ದೆ ಅಷ್ಟೆ, ತಲೆಗೆ ಹೋಗಿರಲಿಲ್ಲ.

ದಾರಿಯಲ್ಲಿ ತಮ್ಮ ಕಥೆ ಹೇಳಿದರು. ಹದಿನೆಂಟು ವರ್ಷ ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ ಮರ ಹೆರೆಯುವ ಯಂತ್ರದ ಪಕ್ಕ ನಿಂತವರು. ಒಂದೇ ಥರದ ಸಾವಿರ ಕುರ್ಚಿ ಮಾಡಿ ಬೇಜಾರಾಗಿ, ಹೆಂಡತಿಯ ಒಪ್ಪಿಗೆ ಪಡೆದು ಈ ಶೆಡ್ ಹಾಕಿಕೊಂಡರು. ಹೆಂಡತಿ ತೀರಿಕೊಂಡು ಆರು ವರ್ಷ. ಈಗಿನ ಜನ ಯಾಕೋ ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ, ಒಂದೂ ಅರ್ಥವಾಗುವುದಿಲ್ಲ ಎಂದು ನನ್ನ ಹತ್ತಿರ ದೂರಿದರು.

ಅವರ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎರಡನೆಯ ಸಲ ಹೋದಾಗ ಗೇಟಿನ ಹತ್ತಿರವೇ ನನ್ನನ್ನು ತಡೆದು ನಿಲ್ಲಿಸಿದಳು. “ಅಪ್ಪನಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ನೀವು ಬಲಗಡೆ ನಿಂತು ಮಾತಾಡಿ ಸರ್. ನಾನು ಹೇಳ್ದೆ ಅಂತ ಮಾತ್ರ ಅವರಿಗೆ ಗೊತ್ತಾಗೋದು ಬೇಡ. ಅವರು ಇನ್ನೂ ಒಪ್ಕೊಂಡಿಲ್ಲ.” ಗರಗಸದ ಯಂತ್ರ ಓಡುತ್ತಿದೆಯೋ ನಿಂತಿದೆಯೋ ಅವರಿಗೆ ಕೇಳದೆ ಯಾವತ್ತಾದರೂ ಬೆರಳು ಹೋಗುತ್ತದೆ ಎಂಬ ಭಯ ಅವಳಿಗೆ. ಕೆಲಸ ಬಿಡಿ ಎಂದು ಗೋಗರೆದಿದ್ದಕ್ಕೇ ಅವರು ಆ ಮಾತು ಕೊಟ್ಟದ್ದು. ಯಾರಿಗೂ ಹೇಳುವುದಿಲ್ಲ ಎಂದೆ.

ಪೆಟ್ಟಿಗೆಗಳು ಬಂದವು. ಮೂಲೆಗೆ ಉಗುರು ಎಳೆದರೆ ಎಲ್ಲಿ ಒಂದು ಹಲಗೆ ಮುಗಿದು ಇನ್ನೊಂದು ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ನಾನು ಸ್ಪೀಕರು ಕೂರಿಸಿದೆ, ಹೆಂಡತಿ ಅವಳಪ್ಪನ ಹಾಡಿನ ಕ್ಯಾಸೆಟ್ಟು ಹಾಕಿದಳು. ಎರಡು ಹಾಡು ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಮೂರನೆಯದರಲ್ಲಿ ನನಗೆ ಕೇಳಿಸಿತು. ಎಡಗಡೆಯ ಪೆಟ್ಟಿಗೆಯಿಂದ, ಕೆಳದನಿ ಬಂದಾಗಲೆಲ್ಲ, ಸಣ್ಣಗೆ ಜಿರ್ರ್.

ಹೆಂಡತಿಗೆ ಕೇಳಿಸಿರಲಿಲ್ಲ. ಕೇಳಿಸುವವರೆಗೂ ನಾನು ಬಿಡಲಿಲ್ಲ. ಸುಮ್ಮನೆ ಹಾಡು ಕೇಳಿಕೊಂಡು ಕೂತಿದ್ದವಳ ಸುಖಕ್ಕೂ ಕಲ್ಲು ಹಾಕಿ, ಬಡಗಿಯವರ ಮನೆಗೆ ಫೋನು ಮಾಡಿದೆ.

ಮರುದಿನ ಮಧ್ಯಾಹ್ನ ಮಗಳು ಅವರನ್ನು ಸ್ಕೂಟರಿನಲ್ಲಿ ಕರೆದುಕೊಂಡು ಬಂದಳು. ಹಾಡು ಹಾಕಿದೆ. ಅವರು ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಪೆಟ್ಟಿಗೆಯ ಆರೂ ಮೈಗೆ ಅಂಗೈ ಇಟ್ಟು ನೋಡಿದರು. ಪೂರ್ತಿ ಹಾಡು ಮುಗಿಯಿತು, ಇನ್ನೊಮ್ಮೆ ಹಾಕಿಸಿದರು. ಆಮೇಲೆ ಎದ್ದು ಹೇಳಿದರು: “ಪೆಟ್ಟಿಗೇಲಿ ಏನೂ ಇಲ್ಲ ಸರ್. ಇದು ಗಟ್ಟಿಯಾಗಿದೆ. ಮನೇಲಿ ಬೇರೆ ಏನೋ ನಡುಗ್ತಾ ಇರ್ಬೇಕು, ಹುಡುಕಿ ನೋಡಿ.”

ನನಗೆ ಪಿತ್ತ ನೆತ್ತಿಗೇರಿತು. ತಪ್ಪು ಹಿಡಿದವನಿಗೇ ಹೋಗಿ ಹುಡುಕು ಎಂದರೆ ಹೇಗೆ? ಕಣ್ಣೆದುರಿಗೆ ಪೆಟ್ಟಿಗೆ ಜಿರ್ರ್ ಎನ್ನುತ್ತಿದೆ. ನಾನು ಅವರ ಬಲಗಡೆಗೇ ಹೋಗಿ ನಿಂತೆ, ಸರಿಯಾಗಿ ಕೇಳಲಿ ಎಂದು.

“ನಂಗೆ ಕೇಳಿಸ್ತಾ ಇದೆ, ನಿಮಗೆ ಕೇಳಿಸ್ತಾ ಇಲ್ಲ, ಅಷ್ಟೇ ವ್ಯತ್ಯಾಸ. ನಿಮ್ಮ ಕಿವಿ ಹೋಗಿದೆ ಅಂತ ನಿಮ್ಮ ಮಗಳೇ ಹೇಳಿದ್ದಾಳೆ.”

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಹೊತ್ತಿಗೆ ಗೆದ್ದೆ ಅನ್ನಿಸಿತ್ತು. ಅವರು ಮಗಳ ಮುಖ ನೋಡಿದರು. ಅವಳು ಕೈಯಲ್ಲಿದ್ದ ಸ್ಕೂಟರಿನ ಕೀಲಿಯನ್ನು ನೋಡುತ್ತಾ ನಿಂತಳು. ನನ್ನ ಹೆಂಡತಿ ಒಳಗೆ ಹೋಗಿಬಿಟ್ಟಳು. ಸ್ಪೀಕರು ಬಿಚ್ಚಿಕೊಡಿ, ಪೆಟ್ಟಿಗೆ ತೆಗೆದುಕೊಂಡು ಹೋಗುತ್ತೇನೆ ಎಂದರು ಅವರು, ಮೆಲ್ಲಗೆ. ಮಗಳು ಕೈ ಚಾಚಿದರೂ ಕೊಡದೆ ಪೆಟ್ಟಿಗೆಯನ್ನು ತಾವೇ ಎದೆಗವಚಿಕೊಂಡು ಮೆಟ್ಟಿಲಿಳಿದರು.

ಹನ್ನೆರಡು ದಿನದ ಮೇಲೆ ಮಗಳೊಬ್ಬಳೇ ಹೊಸದೊಂದು ಪೆಟ್ಟಿಗೆ ತಂದಿಟ್ಟಳು. ಅಪ್ಪ ಮೊದಲಿನಿಂದ ಮಾಡಿದ್ದಾರೆ, ಇದೇ ಕೊನೆಯದು, ಉಳಿ ಇಟ್ಟುಬಿಟ್ಟರು ಎಂದಳು. ತಾನು ಬೇಡಿದ್ದು ಕೈಗೆ ಬಂದವಳ ಮುಖವಾಗಿರಲಿಲ್ಲ ಅದು. ನಾನು ‘ಅಯ್ಯೋ, ಹೌದಾ’ ಎಂದೆ. ಅವಳು ಗೇಟು ದಾಟುವ ಮೊದಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿದ್ದೆ.

ಸ್ಪೀಕರು ಕೂರಿಸಿ ಹಾಡು ಹಾಕಿದೆ. ಜಿರ್ರ್.

ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಇಟ್ಟೆ. ಪೆಟ್ಟಿಗೆ ಜಾಗ ಬದಲಾಯಿಸಿತು, ಜಿರ್ರ್ ಮಾತ್ರ ಇದ್ದಲ್ಲೇ ಇತ್ತು. ಹೆಂಡತಿ ಬಂದವಳೇ ಎಡಗಡೆಯ ಶೋಕೇಸಿನ ಗಾಜಿನ ಮೇಲೆ ಕೈಯಿಟ್ಟಳು. ಸದ್ದು ನಿಂತಿತು. ಕೈ ತೆಗೆದಳು, ಮತ್ತೆ ಬಂತು. ಹಿಂದಿನ ವರ್ಷ ಆ ಗಾಜನ್ನು ಬದಲಾಯಿಸಿದವನು ನಾನೇ. ಕೆಳಗಿನ ಪಟ್ಟಿಗೆ ಎರಡು ಸಣ್ಣ ಮೊಳೆ ಹೊಡೆಯದೆ, ಸಾಕು ನಿಂತಿದೆಯಲ್ಲ ಎಂದು ಬಿಟ್ಟಿದ್ದೆ.

ಆಗ ಮಾಡಬೇಕಾದದ್ದು ಒಂದೇ, ಚಪ್ಪಲಿ ಮೆಟ್ಟಿಕೊಂಡು ಓಡುವುದು. ನಾನು ಮಾಡಿದ್ದೇನು? ಸುತ್ತಿಗೆ ತಂದು ಎರಡು ಮೊಳೆ ಹೊಡೆದೆ. ಹೊಡೆದು, ಕುರ್ಚಿ ಎಳೆದುಕೊಂಡು, ಮಧ್ಯಾಹ್ನವಿಡೀ ಹಾಡು ಕೇಳಿದೆ. ಎಷ್ಟು ಚೆನ್ನಾಗಿತ್ತು ಅಂದರೆ, ಹೇಳುವುದಕ್ಕೇ ನಾಚಿಕೆಯಾಗುತ್ತದೆ.

ಆಮೇಲೆ ಹತ್ತೊಂಬತ್ತು ದಿನ ಅವರ ಮನೆಗೆ ಹೋಗಲು ಕಾಲೇ ಬರಲಿಲ್ಲ. ಅಚ್ಚುಕೂಟದಲ್ಲಿ ಕೆಲಸ ಜಾಸ್ತಿ ಎಂದೆ. ಹೇಗೂ ಅವರು ಕೆಲಸ ಬಿಡುವುದೇ ಮಗಳಿಗೆ ಬೇಕಿತ್ತು, ಒಳ್ಳೆಯದೇ ಆಯಿತು ಎಂದೂ ಒಂದು ದಿನ ಅಂದೆ. ಅವತ್ತಿನಿಂದ ಹೆಂಡತಿ ತನ್ನ ಅಪ್ಪನ ಹಾಡು ಹಾಕುವುದನ್ನೇ ಬಿಟ್ಟಳು. ಇಪ್ಪತ್ತನೆಯ ದಿನ ಹೊರಟೆ.

ಶೆಡ್ಡಿನ ಗೋಡೆ ಬೋಳಾಗಿತ್ತು. ಉಳಿ, ಗರಗಸ, ಯಂತ್ರ ಎಲ್ಲವನ್ನೂ ಕೆಲಸ ಕಲಿಸುವ ಒಂದು ಶಾಲೆಗೆ ಕೊಟ್ಟಾಗಿತ್ತು. ಅವರು ಜಗಲಿಯಲ್ಲಿ ಕೂತು ಮಗಳ ಅಂಗಡಿಗೆ ಮಾತ್ರೆ ಹಾಕುವ ಕಾಗದದ ಪೊಟ್ಟಣ ಅಂಟಿಸುತ್ತಿದ್ದರು. ಅಂಚಿಗೆ ಅಂಚು ಕೂಡದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಎದ್ದರು. ಮತ್ತೆ ಸದ್ದು ಬಂತೇ ಎಂದು ಕೇಳಿದರು.

ಬಲಗಡೆ ಕೂತು ಎಲ್ಲ ಹೇಳಿದೆ. ಗಾಜು ಹೇಳಿದೆ, ಮೊಳೆ ಹೇಳಿದೆ, ಹತ್ತೊಂಬತ್ತು ದಿನವನ್ನೂ ಹೇಳಿದೆ. ನಿಮ್ಮ ಮೊದಲ ಪೆಟ್ಟಿಗೆಯಲ್ಲಿ ಏನೂ ತಪ್ಪಿರಲಿಲ್ಲ, ನಿಮ್ಮ ಕೈ ಹೇಳಿದ್ದೇ ಸರಿ, ನಾನು ಹೊಟ್ಟೆಗೇನು ತಿಂದಿದ್ದೆನೋ ಗೊತ್ತಿಲ್ಲ ಎಂದೆ.

“ಆ ಪೆಟ್ಟಿಗೇನ ಇಲ್ಲಿ ತಂದು ಸೀಳಿ ನೋಡ್ದೆ ಸರ್” ಎಂದರು. “ಒಂದೊಂದು ಮೂಲೆನೂ ಬಿಚ್ಚಿದೆ. ಎಲ್ಲೂ ತಪ್ಪು ಸಿಗ್ಲಿಲ್ಲ. ಸಿಕ್ಕಿದ್ರೆ ಏನೂ ಅನ್ನಿಸ್ತಿರ್ಲಿಲ್ಲ, ಸರಿ ಮಾಡ್ತಿದ್ದೆ. ಸಿಗಲೇ ಇಲ್ವಲ್ಲ, ಆಗ ಭಯ ಆಯ್ತು. ಕಿವಿ ಹೋಗಿದ್ದು ಗೊತ್ತಿತ್ತು ನಂಗೆ, ಬೇರೆಯವರ ಮುಂದೆ ಒಪ್ಕೊಳ್ತಿರ್ಲಿಲ್ಲ ಅಷ್ಟೆ. ಕೈನೂ ಹೋಯ್ತು ಅಂತ ಅವತ್ತೇ ಗೊತ್ತಾಗಿದ್ದು.”

“ಸಿಗದೇ ಇದ್ದಿದ್ದು ಅದರಲ್ಲಿ ತಪ್ಪೇ ಇಲ್ದೇ ಇದ್ದಿದ್ದಕ್ಕೆ ಯಜಮಾನ್ರೇ” ಎಂದೆ.

ಅವರು ನನ್ನ ತೊಡೆ ತಟ್ಟಿದರು. ಮುಖದಲ್ಲಿ ಏನೂ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದು, ತಪ್ಪನ್ನ ತಲೆ ಮೇಲೆ ಹೊತ್ಕೊಳ್ತಾ ಇದ್ದೀರಲ್ಲ, ದೊಡ್ಡ ಮನಸ್ಸು ನಿಮ್ದು. ಅಷ್ಟು ಸಣ್ಣ ಸದ್ದು ಹಿಡಿದೋರು ನೀವು. ಅದು ಪಕ್ಕದ ಗಾಜಿನ ಸದ್ದಾಗಿದ್ರೆ ನಿಮಗೆ ತಿಳೀದೇ ಇರುತ್ತಾ?”

ಆಣೆ ಮಾಡಿದೆ. ನಗುತ್ತಾ ತಲೆ ಅಲ್ಲಾಡಿಸಿದರು. ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗೇಟಿನವರೆಗೆ ಬಂದು, ನಿಮಗೆ ತುಂಬಾ ಉಪಕಾರವಾಯಿತು ಸರ್, ಅಪ್ಪ ನಕ್ಕು ತಿಂಗಳಾಗಿತ್ತು ಎಂದಳು. ನಾನು ಹೇಳಿದ್ದು ನಿಜ ಎಂದು ಅವಳಿಗೂ ಹೇಳಿದೆ. ಹೌದು ಹೌದು ಎಂದಳು, ಹಟ ಹಿಡಿದ ಮಗುವಿಗೆ ಅನ್ನುವ ಹಾಗೆ. ಅವತ್ತು ಸುಳ್ಳು ದೂರು ಹೇಳಿದಾಗ ಅಪ್ಪ ಮಗಳಿಬ್ಬರೂ ಮರುಮಾತಿಲ್ಲದೆ ನಂಬಿದ್ದರು.

ಮನೆಗೆ ಬಂದವನೇ ಇಕ್ಕಳ ಹಿಡಿದು ಗಾಜಿನ ಎರಡೂ ಮೊಳೆ ಕಿತ್ತೆ. ಹಾಡು ಹಾಕಿದೆ. ಜಿರ್ರ್ ಎಂದಿತು. ಇನ್ನೇನು ಬೇಕು, ಬಂದು ಗಾಜಿನ ಮೇಲೆ ಅವರದೇ ಕೈಯಿಟ್ಟು ನೋಡಲಿ, ತಾನಾಗಿ ತಿಳಿಯುತ್ತದೆ. ಫೋನು ಮಾಡಿದೆ, ಮಗಳು ಎತ್ತಿದಳು. ಈಗಲೇ ಅಪ್ಪನನ್ನು ಕರೆದುಕೊಂಡು ಬಾರಮ್ಮ, ಗಾಜು ಈಗಲೂ ನಡುಗುತ್ತಿದೆ ಎಂದೆ.

ಮೊಳೆ ಹೊಡೆದಾಯಿತು ಎಂದಿರಲ್ಲ ಎಂದಳು. ಈಗ ತಾನೇ ಕಿತ್ತೆ ಎಂದೆ.

“ಬೇಡ ಬಿಡಿ ಸರ್. ಸಮಾಧಾನ ಮಾಡೋಕೆ ಇಷ್ಟೆಲ್ಲ ಯಾಕೆ ಕಷ್ಟಪಡ್ತೀರಿ? ನಿಮ್ಮಂಥ ಒಳ್ಳೆ ಮನುಷ್ಯನ್ನ ನೋಡಿಲ್ಲ ಅಂತ ಅಪ್ಪ ಬೀದಿಯೋರಿಗೆಲ್ಲ ಹೇಳ್ತಾ ಇದ್ದಾರೆ.”