ಲಿಂಬಿಕಾಯಿ ಗೌರವ್ವನ ಕುಂಬಳ

ರವಿವಾರ ಪೇಟೆಯಲ್ಲಿ ಮಾಲಿಗೆ ಹೆಸರು ಬರಲು ವರ್ಷಗಳು ಬೇಕು; ಮನುಷ್ಯರಿಗೆ ಹೆಸರು ಬೀಳಲು ಒಂದು ನಗೆ ಸಾಕು. ಬೀಡಿ ಊರಿನ ಗೌರವ್ವನಿಗೆ ಬಿದ್ದದ್ದು ಹೋದ ವರ್ಷ, ಮನೆಮನೆಯಲ್ಲೂ ಕುಂಬಳದ ಪಲ್ಲೆ ಮಾಡುವ ಸೀಗಿ ಹುಣ್ಣಿಮೆಯ ಹಿಂದಿನ ವಾರ. ದಲಾಲ ಬಂಡೆಪ್ಪನ ಅಂಗಡಿ ಮುಂದೆ ಕುಂಬಳಕಾಯಿ ಇಳಿಸುತ್ತಿದ್ದಳು. ಬಳ್ಳಿಗೆ ಎಂಟು-ಹತ್ತು ಕಾಯಿ, ಎಲ್ಲವೂ ಮುಷ್ಟಿಗಿಂತ ತುಸು ದೊಡ್ಡವು. ಬಾಜೂ ಹೊಲದ ದುಂಡಪ್ಪ ಒಂದನ್ನು ಅಂಗೈಯಲ್ಲಿ ಆಡಿಸಿ, "ಬಂಡೆಪ್ಪಣ್ಣ, ಇವನ್ನ ಪಲ್ಲೆ ಮಾಡಬ್ಯಾಡ್ರಿ, ಉಪ್ಪಿನಕಾಯಿ ಹಾಕ್ರಿ. ಲಿಂಬಿಕಾಯಿ ಅದಾವ," ಎಂದ. ಹಮಾಲರು ಹೊತ್ತ ಚೀಲ ಇಳಿಸಿ ನಕ್ಕರು.

ಅಂದಿನಿಂದ ಅವಳು ಲಿಂಬಿಕಾಯಿ ಗೌರವ್ವ. ಖಾನಾಪುರದ ಬಸ್ಸಿನಲ್ಲಿ ಕಂಡಕ್ಟರನೂ ಹಾಗೇ ಕರೆದಾಗ ಸುಮ್ಮನೆ ತಿಕೀಟು ತೆಗೆದುಕೊಂಡಳು. ಸಿಟ್ಟನ್ನು ಕುಂಬಳ ಬೀಜದ ಜೊತೆಗೇ ಬೂದಿಯಲ್ಲಿ ಹೊರಳಿಸಿ ಮುಂದಿನ ಮಳೆಗಾಲಕ್ಕೆ ತೆಗೆದಿಟ್ಟಳು.

ಗುಟ್ಟು ಹೇಳಿಕೊಟ್ಟದ್ದು ಅವಳ ಆಡು. ಆ ಹುಣ್ಣಿಮೆ ಕಳೆದ ಮೇಲೆ ಬೇಲಿ ಹಾರಿ ಒಂದು ಬಳ್ಳಿಯ ಹೂವನ್ನೆಲ್ಲ ಮೇಯ್ದಿತ್ತು. ಆಗಲೇ ಬಳ್ಳಿಗೆ ಕಚ್ಚಿ ನಿಂತಿದ್ದ ಎರಡು ಕಾಯಿ ಮಾತ್ರ ಉಳಿದು ನೀರಿನ ಕೊಡದಷ್ಟು ಊದಿದವು. ಆಡಿಗೆ ತಿಳಿದದ್ದು ಗೌರವ್ವನಿಗೂ ತಿಳಿಯಿತು.

ಈ ವರ್ಷ ಬಳ್ಳಿಗೆ ಎರಡೆರಡು ಕಾಯಿ ಕಚ್ಚಿ ಬಲಿಯುವವರೆಗೆ ಒಂದು ಹೂವನ್ನೂ ಮುಟ್ಟಲಿಲ್ಲ. ಆಮೇಲೆ ದಿನಾ ಮುಂಜಾನೆ ಬುಟ್ಟಿ ಹಿಡಿದು, ಬುಡದಲ್ಲಿ ಹೀಚು ಹೊತ್ತು ಬಂದ ಹೊಸ ಹೂಗಳನ್ನೆಲ್ಲ ಚಿವುಟಿದಳು. ಕಾಯಿಗಳು ಎಲೆಯ ಮರೆಯಲ್ಲಿದ್ದವು. ಬೇಲಿಯಾಚೆ ದುಂಡಪ್ಪನಿಗೆ ಕಂಡದ್ದು ಬುಟ್ಟಿಯಷ್ಟೇ.

"ಏನ್ ಮಾಡಾಕತ್ತಿ ಗೌರಕ್ಕಾ?"

"ಹೂವ ಹರ್ಯಾಕತ್ತೀನಿ."

"ಯಾಕ?"

"ಕಾಯಿ ದೊಡ್ಡೂ ಆಗತಾವ."

ಒಂದಕ್ಷರ ಸುಳ್ಳಿಲ್ಲ. ಆದರೆ ಇಪ್ಪತ್ತು ದಿನ ತಡವಾಗಿ ಊರಿದ್ದ ದುಂಡಪ್ಪನ ಬಳ್ಳಿಗಳು ಆಗಷ್ಟೇ ಹೂ ಬಿಡತೊಡಗಿದ್ದವು. ಮರುದಿನವೇ ಅವನೂ ಬುಟ್ಟಿ ಹಿಡಿದ. ಅರಳಿದ್ದು, ಮೊಗ್ಗು, ಏನೂ ಉಳಿಸಲಿಲ್ಲ. ಅವನ ಮನೆಯಲ್ಲಿ ದಿನಾ ಕುಂಬಳ ಹೂವಿನ ಭಜಿ. ಎಣ್ಣೆಯ ವಾಸನೆ ಬಂದಾಗಲೆಲ್ಲ ಗೌರವ್ವ ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು.

ಅವನ ಹೆಂಡತಿ ಸಾತವ್ವನಿಗೆ ಮಾತ್ರ ಅನುಮಾನ. "ಅಕ್ಕಾ, ಹೂವ ಎಲ್ಲಾ ಹರದ್ರ ಕಾಯಿ ಎಲ್ಲಿಂದ ಬರತಾವ?"

"ನಿನ್ನ ಗಂಡನ್ನ ಕೇಳವಾ. ಶಾಣ್ಯಾ ಅದಾನ."

ಸೀಗಿ ಹುಣ್ಣಿಮೆ ಮತ್ತೆ ಬಂತು. ಬಂಡೆಪ್ಪನ ಅಂಗಡಿ ಮುಂದೆ ಗೌರವ್ವನ ಒಂದೊಂದು ಕಾಯಿ ಇಳಿಸಲು ಇಬ್ಬಿಬ್ಬರು ಹಮಾಲರು ಬೇಕಾದರು. ದುಂಡಪ್ಪ ಬರಿಗೈಯಲ್ಲಿ ಬಂದಿದ್ದ. ಹಬ್ಬದ ಪಲ್ಲೆಗೆ ಅವನ ಹೊಲದಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ.

"ಕಾಯಿ ಕಚ್ಚಿದ ಮ್ಯಾಲ ಹರೀಬೇಕಂತ ಹೇಳಾಕ ಏನಾಗಿತ್ತು ನಿನಗ?"

"ಯಾಕ ಅಂತ ಕೇಳಿದಿ, ಹೇಳಿದ್ನಿ. ಯಾವಾಗ ಅಂತ ಕೇಳಿದ್ಯೇನು?"

ದುಂಡಪ್ಪ ನೆಲ ನೋಡಿದ. "ಇರಲಿ. ಹಬ್ಬಕ್ಕ ಒಂದ್ ಕಾಯಿ ಕೊಡು."

ಅವಳು ಸೆರಗಿನ ಗಂಟು ಬಿಚ್ಚಿದಳು. ಕಣ್ಣು ತಪ್ಪಿಸಿ ಬೆಳೆದಿದ್ದ ಒಂದು ಹೀಚು, ಅಂದು ಮುಂಜಾನೆ ಚಿವುಟಿದ್ದು. ಅವನ ಅಂಗೈಯಲ್ಲಿಟ್ಟಳು.

"ತಗೋ, ಲಿಂಬಿಕಾಯಿ. ಉಪ್ಪಿನಕಾಯಿ ಹಾಕು."

ಹಮಾಲರು ಈ ಸಲ ಕೆಲಸ ಬಿಟ್ಟೇ ನಕ್ಕರು. ದುಂಡಪ್ಪ ಹೀಚನ್ನು ಕಿಸೆಗೆ ಹಾಕಿಕೊಂಡು ಹೊರಟ. ಬಂಡೆಪ್ಪ ಖುಷಿಯಲ್ಲಿ ಓಣಿಗೆಲ್ಲ ಕೇಳುವಂತೆ ಕೂಗಿದ: "ದಾರಿ ಬಿಡ್ರಿ, ಲಿಂಬಿಕಾಯಿ ಗೌರವ್ವನ ಮಾಲು ಬಂದೈತಿ."

ಗೌರವ್ವ ನಗುವುದನ್ನು ನಿಲ್ಲಿಸಿ ಬಂಡೆಪ್ಪನನ್ನೇ ನೋಡಿದಳು.

"ಬಂಡೆಪ್ಪಣ್ಣ, ನಿಮ್ಮ ಹಿತ್ತಲದಾಗೂ ಕುಂಬಳ ಬಳ್ಳಿ ಅದ ಅಲ್ರಿ?"