ಅಳಿಯಕಟ್ಟು ಮತ್ತು ಅಲೆವೂರಿನ ಜಾಗ

ಅಲೆವೂರಿನ ಜಾಗ ನನ್ನದಾದಾಗ ನನಗಿನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ. ಕಾಪುವಿನಿಂದ ಉಡುಪಿಗೆ ಎತ್ತಿನ ಗಾಡಿ ಹೊಡೆದು ಗಳಿಸಿದ ದುಡ್ಡಿನಲ್ಲಿ ಅಪ್ಪ ಅದನ್ನು ಕೊಂಡು ನನ್ನ ಹೆಸರಿಗೆ ಬರೆಸಿದ್ದರು. ನಮ್ಮದು ಅಳಿಯಕಟ್ಟು. ಗಂಡಸು ಎಷ್ಟೇ ದುಡಿಯಲಿ, ಅವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ, ಸ್ವಂತ ಮಕ್ಕಳಿಗಲ್ಲ. ಹಾಗಾಗಿ ಮಕ್ಕಳ ಮೇಲೆ ಜೀವ ಇಟ್ಟುಕೊಂಡವರು ಜಾಗ ಕೊಳ್ಳುವಾಗಲೇ ಮಗುವಿನ ಹೆಸರು ಹೇಳಿಬಿಡುತ್ತಿದ್ದರು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮಣಿಪಾಲದ ಬೋಳುಗುಡ್ಡದ ಮೇಲೆ ಕಟ್ಟಡಗಳು ಏಳುತ್ತಿದ್ದ ವರ್ಷಗಳಲ್ಲಿ ಗೋಡೆ ಕಟ್ಟುವ ಕೆಂಪು ಮುರಕಲ್ಲು ಕಡಿದೆ. ನಾನು ಕಡಿದ ಕಲ್ಲು ಎಷ್ಟು ನೇರವೆಂದರೆ ಮೇಸ್ತ್ರಿ ಅದಕ್ಕೆ ಮೂಲೆಮಟ್ಟ ಇಟ್ಟು ನೋಡುತ್ತಿರಲಿಲ್ಲ. ಇದನ್ನು ಈಗಲೂ ಹೇಳಿಕೊಳ್ಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಆ ಜಾಗದಲ್ಲಿ ಅಮ್ಮನಿಗೊಂದು ಮನೆ ಕಟ್ಟಲು ಹೊರಟೆ. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಆಗ ಬೆಳ್ಮಣ್ಣಿನಿಂದ ಭಾವ ಬಂದರು, ಅಪ್ಪನ ಅಕ್ಕನ ಮಗ. ಮಾವನ ದುಡ್ಡಿನ ಜಾಗ, ಹೆಸರು ಯಾರದ್ದಾದರೂ ಹಕ್ಕು ತಮ್ಮದು, ಕೆಲಸ ನಿಲ್ಲಿಸು ಎಂದರು.

ನಾನು ನಿಲ್ಲಿಸುವವನಲ್ಲ. ನಿಲ್ಲಿಸಿದ್ದು ಅಮ್ಮ. ತಕರಾರಿನ ಮನೆಗೆ ಕಾಲಿಡುವುದಿಲ್ಲ, ಈ ಮಳೆಗಾಲವೂ ಬಾಡಿಗೆ ಬಿಡಾರದಲ್ಲೇ ಕಳೆಯುತ್ತೇನೆ ಎಂದು ಹಠ ಹಿಡಿದಳು. ಭಾವ ಕಾರ್ಕಳದ ವಕೀಲರ ಮಾತೆತ್ತಿದರು. ಉಡುಪಿಯಲ್ಲೂ ವಕೀಲರಿದ್ದಾರೆ ಎಂದೆ ನಾನು, ಒಬ್ಬರ ಪರಿಚಯವೂ ಇಲ್ಲದೆ.

ಕೊನೆಗೆ ಅಮ್ಮನೇ ನನ್ನನ್ನು ಬೆಳ್ಮಣ್ಣಿಗೆ ಎಳೆದುಕೊಂಡು ಹೋದಳು. ಆ ಮನೆಯಲ್ಲಿ ಅತ್ತೆಯ, ಎಂದರೆ ಭಾವನ ತಾಯಿಯ, ಮಾತಿಗೆ ಎದುರಿಲ್ಲ. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕುಳಿತಿದ್ದರು. ಪಕ್ಕದಲ್ಲಿ ಅವರ ಮಗಳು, ಎಂದರೆ ಭಾವನ ತಂಗಿ, ತನ್ನ ಇಬ್ಬರು ಗಂಡುಮಕ್ಕಳ ಜತೆ. ಬೆಲ್ಲ, ನೀರು ಕೊಟ್ಟರು. ಭಾವ ತುಂಬಾ ಹೊತ್ತು ಅಳಿಯಕಟ್ಟಿನ ನ್ಯಾಯ ವಿವರಿಸಿದರು. ಅತ್ತೆ ಪೂರ್ತಿ ಕೇಳಿದರು.

"ಆಯ್ತು ಮಾರಾಯ. ಬಜಗೋಳಿಯಲ್ಲಿ ನೀನು ಜಾಗ ತೆಗೆದುಕೊಂಡದ್ದು ಯಾರ ಹೆಸರಿಗೆ?"

ಭಾವ ಅಂಗಳದ ಕಡೆ ನೋಡಿದರು. ತೆಗೆದುಕೊಂಡದ್ದು ತಮ್ಮ ಪುಟ್ಟ ಮಗಳ ಹೆಸರಿಗೆ. ತಾಯಿಗೆ ಸುದ್ದಿ ಮುಟ್ಟಿಲ್ಲ ಎಂದುಕೊಂಡಿದ್ದರು.

"ಮಾವನ ದುಡ್ಡಿನ ಜಾಗ ಅಳಿಯನಿಗೆ ಅಂತಾದರೆ, ಬಜಗೋಳಿಯದ್ದು ನಿನ್ನ ಮಗಳಿಗಿಲ್ಲ. ಇವರಿಬ್ಬರಿಗೆ" ಎಂದು ಅತ್ತೆ ಮೊಮ್ಮಕ್ಕಳ ತಲೆ ಸವರಿದರು.

ಭಾವನ ತಂಗಿಗೆ ಅಲ್ಲಿಯವರೆಗೆ ಇದು ಹೊಳೆದೇ ಇರಲಿಲ್ಲ. "ಹೌದಲ್ವಾ ಅಣ್ಣ! ಎಷ್ಟು ಸೆಂಟ್ಸ್ ಉಂಟು? ನೀರಿನ ಅನುಕೂಲ ಉಂಟಾ?" ಎಂದು ವಿಚಾರಿಸತೊಡಗಿದಳು.

ನನಗೆ ನಗು ಬಂತು. ಅಮ್ಮ ತೊಡೆ ಚಿವುಟಿದಳು. ಭಾವ ಮೀಸೆ ಎಳೆದುಕೊಂಡು ನನ್ನ ಕಡೆ ತಿರುಗಿದರು.

"ಹಂಚು ತಂದಾಯ್ತಾ?"

"ಇಲ್ಲ ಭಾವ. ಗೋಡೆಯೇ ಆಗಲಿಲ್ಲ."

"ಮತ್ತೆ ಇಲ್ಲಿ ಕೂತು ಎಂತ ಮಾಡ್ತೀ? ಮಳೆಗೆ ಮೊದಲು ಅತ್ತೆಗೆ ಮನೆ ಆಗಬೇಡವಾ?" ಎಂದು ಅಮ್ಮನ ಕಡೆ ಕೈ ತೋರಿಸಿ ನನ್ನನ್ನೇ ಗದರಿದರು.

ಹಂಚು ಹೊದಿಸುವ ದಿನ ಬೆಳಗಿನ ಬಸ್ಸಿಗೇ ಬಂದಿಳಿದರು. ಪಂಚೆ ಎತ್ತಿ ಕಟ್ಟಿ, ಏಣಿಯ ನಡುವೆ ನಿಂತು ಹಂಚು ದಾಟಿಸಿದರು. ಕೆಲಸದವರಿಗೆಲ್ಲ ಬುದ್ಧಿ ಹೇಳಿದ್ದೂ ಅವರೇ. ಮಧ್ಯಾಹ್ನ ಅಮ್ಮ ಹೊಸ ಮನೆಯ ಒಳಗೆ ಮೊದಲ ಎಲೆ ಹಾಕಿ ಕೂರಿಸಿದ್ದು ಅವರನ್ನು. ಗೋಡೆ ಕಟ್ಟಿದ ನನಗೆ ಬಡಿಸಿದ್ದು ಆಮೇಲೆ.