ಒಂದು ಹಾಡಿನಷ್ಟು ಹೊತ್ತು

ಐತಪ್ಪನವರು ಒಂದು ಸಲ ಕರೆದರೆ ತಿರುಗಿ ನೋಡುವವರಲ್ಲ. ಲಂಡನ್ನಿನ ಫೆಲ್ಥಮ್‌ನಲ್ಲಿ ನಾನು ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದ ಇಪ್ಪತ್ತಾರು ವರ್ಷವೂ ಇದೇ ಪಾಡು. ರಿಸೆಪ್ಷನ್ನಿನ ಹುಡುಗಿ ಹೆಸರು ಕೂಗುತ್ತಾಳೆ, ಈ ಮಹಾಶಯರು ಗೋಡೆಯ ಮೇಲಿನ ಫ್ಲೂ ಲಸಿಕೆಯ ಪೋಸ್ಟರ್ ಓದುತ್ತ ಕೂತಿರುತ್ತಾರೆ. ಸರದಿ ತಪ್ಪುತ್ತದೆ, ಹಿಂದಿನವರು ಒಳಗೆ ಬರುತ್ತಾರೆ, ನನ್ನ ಬೆಳಗಿನ ಲೆಕ್ಕಾಚಾರವೆಲ್ಲ ಕೆಡುತ್ತದೆ. ಸಿಟ್ಟಿಗೆದ್ದು ಕಿವಿ ಪರೀಕ್ಷೆಗೆ ಕಳಿಸಿದೆ. ಈ ವಯಸ್ಸಿಗೆ ಇಷ್ಟು ಚೊಕ್ಕ ಕಿವಿ ಅಪರೂಪ ಎಂದು ವರದಿ ಬಂತು.

“ಕಿವಿ ಸರಿಯಿದೆಯಲ್ಲ ಐತಪ್ಪನವರೇ, ಮತ್ತೇನು ರೋಗ ನಿಮಗೆ?” ಎಂದು ಗದರಿದೆ.

“ರೋಗ ಅಲ್ಲ ಡಾಕ್ಟ್ರೇ. ಹೊತ್ತ್ ಕಂತಿದ್ ಮೇಲೆ ಒಂದೇ ಸಲ ಕರೂದ್ ಮನ್ಷ್ಯರಲ್ಲ. ಮನ್ಷ್ಯರಾರೆ ಮತ್ತೊಂದ್ ಸಲ ಕರಿತ್ರ್. ನಾವ್ ‘ಓ’ ಅಂದ್ರೆ ಕರ್ಕಂಡ್ ಹೋತ್ತ್. ಅಮ್ಮ ಹೇಳ್ಕೊಟ್ಟದ್.”

“ಈಗ ಬೆಳಿಗ್ಗೆ ಹನ್ನೊಂದು ಗಂಟೆ!”

“ಈ ಊರಂಗೆ ಹೊತ್ತ್ ಮೂಡೂದ್ ಯಾವಾಗ, ಕಂತೂದ್ ಯಾವಾಗ, ಯಾರಿಗ್ ಗೊತ್ತಿತ್ತ್ ಮರ್ರೆ?”

ನಾನು ಮೈಸೂರಿನವಳು, ಹೆಸರು ಕೃಷ್ಣವೇಣಿ. ದೆವ್ವ ಭೂತ ಎಂದರೆ ಮೂಗು ಮುರಿಯುವ ಜಾತಿ. ನಕ್ಕು ಔಷಧಿ ಚೀಟಿ ಬರೆದೆ. ಅವರ ಹೆಂಡತಿ ಪುಷ್ಪಾವತಿ ಪಕ್ಕದಲ್ಲೇ ಇದ್ದರು, ನಗಲಿಲ್ಲ. ಅವರು ಗಂಡನನ್ನು ಬಾಯಿಂದ ಕರೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಹೆಸರು ಹಿಡಿಯುವುದಿಲ್ಲ ಸರಿ, ಕುಂದಾಪುರದ ಕಡೆಯ ಹೆಂಗಸರು ಗಂಡನನ್ನು ‘ಹ್ವಾಯ್’ ಎಂದಾದರೂ ಅನ್ನುತ್ತಾರಲ್ಲ? ಅದೂ ಇಲ್ಲ. ಬೇಕಾದರೆ ಎದ್ದು ಬಂದು ಎದುರಿಗೆ ನಿಲ್ಲುತ್ತಿದ್ದರು, ಇಲ್ಲವೇ ಭುಜ ಮುಟ್ಟುತ್ತಿದ್ದರು. 2011ರಲ್ಲಿ ಅವರು ತೀರಿಕೊಂಡ ದಿನವೂ ಹಾಗೇ, ಗಂಡನ ಭುಜ ಮುಟ್ಟಿ ನೀರು ಕೇಳಿದರಂತೆ. ಮಕ್ಕಳಿರಲಿಲ್ಲ.

ಐತಪ್ಪನವರು ಬಾರ್ಕೂರಿನವರು. ಮದುವೆಯಾದ ಮೇಲೆ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದು, ಹಡಗಿನ ಅಡುಗೆಮನೆ ಸೇರಿ, 1962ರಲ್ಲಿ ಲಂಡನ್ನಿನಲ್ಲಿ ಇಳಿದು, ಆಮೇಲೆ ಹೆಂಡತಿಯನ್ನು ಕರೆಸಿಕೊಂಡವರು. ಮೂರು ವರ್ಷ ಹೌನ್ಸ್ಲೊ ಕಡೆಯ ಒಂದು ಡ್ಯಾನ್ಸ್ ಹಾಲಿನಲ್ಲಿ ತಟ್ಟೆ ತೊಳೆದರು. ಆಮೇಲೆ ಮೂವತ್ತೊಂದು ವರ್ಷ ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ದುಡಿದರು. ಹೆಂಡತಿ ಹೋದ ಮೇಲೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ನಾನೂ ಅಷ್ಟರಲ್ಲಿ ನಿವೃತ್ತಳಾಗಿದ್ದೆ, ಮಾಡಲು ಕೆಲಸವಿರಲಿಲ್ಲ, ಊರವರನ್ನೆಲ್ಲ ಉದ್ಧಾರ ಮಾಡುವ ಹುರುಪು ಮಾತ್ರ ಇತ್ತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಬುಧವಾರ ಮಧ್ಯಾಹ್ನ ಹಳೆಯ ಬಿಗ್ ಬ್ಯಾಂಡ್ ಸಂಗೀತದ ಅಭಿಮಾನಿಗಳು ಸೇರುತ್ತಿದ್ದರು. ಹೋಗೋಣ ಬನ್ನಿ ಎಂದೆ.

“ನಂಗೆಂತ ಗೊತ್ತಿತ್ತ್ ಡಾಕ್ಟ್ರೇ? ನಾ ಬ್ಯಾಂಡಿಗ್ ಬೆನ್ನ್ ಹಾಕಿ ನಿಂತವ.”

ಬಿಡಲಿಲ್ಲ. ಕಾರಿನಲ್ಲಿ ಕೂರಿಸಿಕೊಂಡೇ ಹೋದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಅಲ್ಲಿ ಒಂಬತ್ತು ಮಂದಿ ಮುದುಕ ಮುದುಕಿಯರು. ಎಲ್ಲರೂ ಯೌವನದಲ್ಲಿ ಐತಪ್ಪನವರು ತಟ್ಟೆ ತೊಳೆದ ಡ್ಯಾನ್ಸ್ ಹಾಲಿಗೇ ಹೋದವರು. ಹದಿನಾರು ಜನರ ಬ್ಯಾಂಡ್, ಬಿಳಿ ಕೋಟು, ಸ್ಯಾಕ್ಸೊಫೋನಿನವರು ಐದೂ ಜನ ಒಟ್ಟಿಗೆ ಎದ್ದು ನಿಂತರೆ ಹಾಲೇ ಎದ್ದು ನಿಂತಂತೆ ಆಗುತ್ತಿತ್ತಂತೆ. ಒಂದು ಹಾಡಿನಲ್ಲಿ ಟ್ರಂಪೆಟ್ಟಿನವರು ವಾದ್ಯದ ಬಾಯಿಗೆ ಟೋಪಿ ಮುಚ್ಚಿ ತೆಗೆದು ಊದುತ್ತಿದ್ದದ್ದು ಮೂರನೇ ಸುತ್ತಿನಲ್ಲೋ ನಾಲ್ಕನೆಯದರಲ್ಲೋ ಎಂದು ಎರಡು ಬುಧವಾರ ಜಗಳವಾಡಿದರು. ಎಂಬತ್ತೈದರ ಡೊರೀನ್ ಎಂಬಾಕೆ ಆಗ ವಾರಕ್ಕೆ ನಾಲ್ಕು ಸಂಜೆ ಕುಣಿದವಳು, ಈಗ ವಾಕರ್ ಹಿಡಿದೇ ತಾಳ ಹಾಕುತ್ತಿದ್ದಳು. ಆ ಜಗಳ ತೀರಿಸಿದ್ದು ಐತಪ್ಪನವರು. ಅವರಿಗೆ ಪ್ರತಿ ಹಾಡೂ ತಟ್ಟೆಯ ಲೆಕ್ಕದಲ್ಲಿ ನೆನಪಿತ್ತು: ಈ ಹಾಡಿಗೆ ಇಪ್ಪತ್ತೆರಡು ತಟ್ಟೆ, ಟೋಪಿ ಊದುವುದು ಹದಿನಾರನೇ ತಟ್ಟೆಗೆ. ರೆಕಾರ್ಡ್ ಹಾಕಿದಾಗ ಕೈಗಳು ಗಾಳಿಯಲ್ಲಿ ತಟ್ಟೆ ಉಜ್ಜುತ್ತಿದ್ದವು. ಮುದುಕರು ಅವರನ್ನು ತಲೆಯ ಮೇಲೆ ಹೊತ್ತುಕೊಂಡರು. ಒಂದು ತಿಂಗಳಲ್ಲಿ ಐತಪ್ಪನವರು ನಗುವುದನ್ನು ಕಲಿತರು, ನಾನು ಬೀಗಿದೆ.

2014ರ ನವೆಂಬರ್‌ನಲ್ಲಿ ಆ ಗುಂಪಿನ ರೆಜ್ ಒಂದು ಟೇಪ್ ತಂದ. ಅವನು ಆ ಹಾಲಿನಲ್ಲಿ ದೀಪ, ಮೈಕು ನೋಡಿಕೊಳ್ಳುತ್ತಿದ್ದವನು. ಮನೆ ಬದಲಿಸುವಾಗ ಅಟ್ಟದಲ್ಲಿ ಸಿಕ್ಕಿತಂತೆ, 1964ರ ನವೆಂಬರಿನ ಒಂದು ಶನಿವಾರದ್ದು. ಒಂದು ಮೈಕನ್ನು ಜನರ ಚಪ್ಪಾಳೆ ಹಿಡಿಯಲೆಂದು ಹಾಲಿನ ಹಿಂಭಾಗದಲ್ಲಿ, ಅಡುಗೆಮನೆಯ ಕಿಂಡಿಯ ಹತ್ತಿರ ನೇತುಹಾಕಿದ್ದನಂತೆ.

“ಐತಪ್ಪ, ನಿನ್ನ ತಟ್ಟೆ ಸದ್ದು ಕೇಳುತ್ತದೆ!” ಎಂದು ರೆಜ್ ಟೇಪ್ ಹಾಕಿ ನಕ್ಕ. ನಿಜವೇ. ಬ್ಯಾಂಡು ಗುಡುಗುತ್ತಿದ್ದರೆ ಈಚೆ ಪಿಂಗಾಣಿ ತಟ್ಟೆಗಳು ಒಂದರ ಮೇಲೊಂದು ಟಣ್ ಟಣ್ ಎಂದು ಕೂರುತ್ತಿದ್ದವು. ಐವತ್ತು ವರ್ಷದ ಹಿಂದಿನ ತಮ್ಮ ಕೈಯ ಸದ್ದು ಕೇಳುತ್ತ ಐತಪ್ಪನವರು ಮಗುವಿನ ಹಾಗೆ ಬಾಯಿ ತೆರೆದು ಕೂತಿದ್ದರು. ಹಾಡು ಮುಗಿಯಿತು. ಚಪ್ಪಾಳೆ ಇಳಿಯಿತು. ತಟ್ಟೆಗಳು ಮಾತ್ರ ಉಳಿದವು.

ಆಗ ಒಂದು ಹೆಣ್ಣು ದನಿ, ಮೈಕಿಗೆ ತೀರಾ ಹತ್ತಿರದಿಂದ, “ಹ್ವಾಯ್” ಎಂದಿತು.

ಒಂದೇ ಸಲ. ತಟ್ಟೆಯ ಸದ್ದು ತಟ್ಟನೆ ನಿಂತಿತು. ಮತ್ತೆ ಟಣ್, ಟಣ್, ಮೊದಲಿಗಿಂತ ಬೇಗ ಬೇಗ. ಬ್ಯಾಂಡು ಮುಂದಿನ ಹಾಡು ಎತ್ತಿಕೊಂಡಿತು.

ಫೆಲ್ಥಮ್ ಲೈಬ್ರರಿಯಲ್ಲಿ ಕುಂದಾಪುರದ ದನಿ! ಐತಪ್ಪನವರ ಮುಖದಲ್ಲಿ ರಕ್ತವಿರಲಿಲ್ಲ. ರೆಜ್ ಟೇಪ್ ನಿಲ್ಲಿಸಿದ. ಅವರು ನನ್ನ ತೋಳು ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದರು.

“ಡಾಕ್ಟ್ರೇ, ಅದ್ ನನ್ನ್ ಕರ್ದದ್. ಆ ದಿನ ನಾ ಕೇಂಡಿದೆ. ನನ್ನ್ ಹೆಂಡ್ತಿದೇ ಸ್ವರ. ಆರೆ ಇವ್ಳ್ ಮನೆಯಂಗೆ ಇದ್ದವ್ಳ್, ಐದ್ ತಿಂಗ್ಳ್ ಬಸ್ರಿ, ಬಸ್ ಹತ್ತೂಕೂ ಬತ್ತಿರ್ಲಿಲ್ಲ. ಅಲ್ಲಿಗ್ ಹ್ಯಾಂಗ್ ಬತ್ಲ್? ನಮ್ಮವ್ರದ್ದೇ ಸ್ವರ ತಕಂಡ್ ಕರೂದ್ ಅದ್. ನಾ ತಿರ್ಗಿ ಕಾಣ್ಲಿಲ್ಲ.”

“ಆಮೇಲೆ?”

“ಮನೆಗ್ ಹೋಯ್ ಕಂಡ್ರೆ ಇವ್ಳ್ ಆಸ್ಪತ್ರೆಯಂಗೆ. ಮಗು ಹೋಯಿತ್ತ್. ನಾ ಸಿಕ್ದೇ ಇದ್ದದ್ದಕ್ಕೆ ಅದ್ ಮಗೂನ್ ತಕಂಡ್ ಹೋಯ್ತ್ ಅಂದೇಳಿ ಐವತ್ತ್ ವರ್ಷ ಒಬ್ನೇ ಇಟ್ಕಂಡಿದೆ. ಇವ್ಳಿಗೂ ಹೇಳ್ಲಿಲ್ಲ.”

ಪಾಪ ಅನ್ನಿಸಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಳ್ಳೆಯ ಮನುಷ್ಯ, ಅರ್ಧ ಶತಮಾನ ಇಂಥ ಕಂತೆಯನ್ನು ಎದೆಯಲ್ಲಿಟ್ಟುಕೊಂಡು ಕೊರಗಿದ್ದಾರಲ್ಲ! ನನ್ನ ನಾಲಿಗೆಗೆ ಲಗಾಮು ಯಾವತ್ತೂ ಇಲ್ಲ. “ಐತಪ್ಪನವರೇ, ದೆವ್ವದ ದನಿ ಟೇಪಿಗೆ ಹತ್ತುವುದಿಲ್ಲ. ಹತ್ತಿದೆ ಅಂದ ಮೇಲೆ ಕರೆದವರು ಮನುಷ್ಯರೇ” ಎಂದುಬಿಟ್ಟೆ.

ಮಾತು ಮುಗಿಯುವ ಮೊದಲೇ ನಾನೇನು ಹೇಳಿದೆನೆಂದು ನನಗೆ ತಿಳಿಯಿತು. ಅವರಿಗೂ ತಿಳಿಯಿತು. ನನ್ನ ತೋಳಿನಿಂದ ಅವರ ಕೈ ಮೆಲ್ಲಗೆ ಜಾರಿತು.

ಅದೇ ಹೊತ್ತಿಗೆ ಡೊರೀನ್ ಇಂಗ್ಲಿಷಿನಲ್ಲಿ, ಹಳೆಯ ನೆನಪು ಸಿಕ್ಕ ಖುಷಿಯಲ್ಲಿ, ಶುರುಮಾಡಿದಳು. “ಅಯ್ಯೋ, ಆ ಹುಡುಗಿ! ನನಗೆ ಚೆನ್ನಾಗಿ ನೆನಪಿದೆ. ಆ ಹಾಲಿನಲ್ಲಿ ಸೀರೆ ಕಂಡದ್ದು ಅದೊಂದೇ ಸಂಜೆ. ಮೇಲೆ ಗಂಡಸಿನ ಓವರ್‌ಕೋಟು, ಕೈ ಹೊಟ್ಟೆಯ ಮೇಲೆ. ಮುಖ ಬೆವೆತಿತ್ತು. ಹುಷಾರಿದ್ದೀಯಾ ಅಂತ ಕೇಳಿದೆ. ಕಿಂಡಿಯ ಕಡೆ ಬೊಟ್ಟು ತೋರಿಸಿ, ಹಸ್ಬೆಂಡ್ ಅಂದಳು. ಇನ್ನೊಂದು ಸಲ ಕರಿ ಅಂದೆ. ಅವನಿಗೆ ಕೇಳಿಸಿತು ಅನ್ನುವ ಹಾಗೆ ಕಿವಿ ಮುಟ್ಟಿ ತೋರಿಸಿ ತಲೆ ಆಡಿಸಿದಳು. ಆಮೇಲೆ ಮುಂದಿನ ಹಾಡು ಪೂರ್ತಿ ಅಲ್ಲೇ ನಿಂತಿದ್ದಳು, ಅವನ ಬೆನ್ನು ನೋಡುತ್ತ. ಮುಗಿದಾಗ ನೋಡಿದರೆ ಇಲ್ಲ. ಒಳಗೆ ಐದಾರು ಜನ ದುಡಿಯುತ್ತಿದ್ದರು, ಆ ಗಂಡ ಯಾರೋ, ಎಂಥ ಕಲ್ಲೋ!”

ನಾವು ಕನ್ನಡದಲ್ಲಿ ಆಡಿದ್ದು ಕೋಣೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಲ್ಲರೂ ಅಯ್ಯೋ ಎಂದರು. ನಾನು ನೆಲ ನೋಡಿದೆ. ಪುಷ್ಪಾವತಿ ಆಮೇಲೆ ನಲವತ್ತೇಳು ವರ್ಷ ಈ ಮನುಷ್ಯನಿಗೆ ಬಡಿಸಿದ್ದಾರೆ, ಇವರ ಭುಜ ಮುಟ್ಟಿದ್ದಾರೆ, ನಾನು ಬಂದಿದ್ದೆ ಎಂದು ಒಂದು ದಿನವೂ ಹೇಳಿಲ್ಲ.

“ರೆಜ್,” ಎಂದರು ಐತಪ್ಪನವರು, ಬಹಳ ಮರ್ಯಾದೆಯಿಂದ, ಇಂಗ್ಲಿಷಿನಲ್ಲಿ. “ಮುಂದಿನ ಹಾಡು ಹಾಕುತ್ತೀಯಾ? ಪೂರ್ತಿ.”

ಎದ್ದು ತಮ್ಮ ಕುರ್ಚಿಯನ್ನು ತಿರುಗಿಸಿದರು. ಟೇಪಿಗೆ ಬೆನ್ನು, ಕೋಣೆಯ ಬಾಗಿಲಿಗೆ ಮುಖ. ಹಾಡು ಶುರುವಾಯಿತು. ಮೆಲ್ಲಗಿನ ಹಾಡು, ಕ್ಲಾರಿನೆಟ್ಟಿನದು. ಅವರ ಕೈಗಳು ಈ ಸಲ ತಟ್ಟೆ ಉಜ್ಜಲಿಲ್ಲ, ತೊಡೆಯ ಮೇಲೆ ಸುಮ್ಮನಿದ್ದವು. ಕಣ್ಣು ಬಾಗಿಲ ಪಕ್ಕದ ಖಾಲಿ ಜಾಗದಲ್ಲಿ, ಒಬ್ಬರು ನಿಂತರೆ ಅವರ ಮುಖ ಇರುವಷ್ಟು ಎತ್ತರದಲ್ಲಿ, ನೆಟ್ಟಿತ್ತು. ನಾಲ್ಕು ನಿಮಿಷ ರೆಪ್ಪೆ ಹೊಡೆದದ್ದು ನಾನು ಕಾಣೆ. ನೋಡನೋಡುತ್ತ ಮುದುಕರೂ ಒಬ್ಬೊಬ್ಬರಾಗಿ ಆ ಜಾಗದಿಂದ ಕುರ್ಚಿ ಈಚೆಗೆ ಎಳೆದುಕೊಂಡರು. ಯಾರೂ ಯಾರಿಗೂ ಹೇಳಿರಲಿಲ್ಲ. ನಾನೂ ಎಳೆದುಕೊಂಡೆ.

ಚಪ್ಪಾಳೆಯ ನಡುವೆ ಟೇಪಿನಲ್ಲಿ ಒಂದು ಬಾಗಿಲು ಮುಚ್ಚಿದ ಸದ್ದು ಬಂತು.

“ನಿಲ್ಲ್, ಬಂದೆ” ಎಂದು ಓಗೊಟ್ಟು ಐತಪ್ಪನವರು ಎದ್ದು ಹೊರಟೇಬಿಟ್ಟರು. ಎಪ್ಪತ್ತೆಂಟರ ಮಂಡಿನೋವಿನ ಮನುಷ್ಯ ಅಷ್ಟು ಬೇಗ ನಡೆಯಲು ಸಾಧ್ಯವಿಲ್ಲ, ಆ ಮಂಡಿಗಳ ಎಕ್ಸ್‌ರೇ ನಾನೇ ನೋಡಿದ್ದೇನೆ. ನಾನು ಬ್ಯಾಗು ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ರಸ್ತೆಯಾಚೆಯ ಬಸ್ ಸ್ಟಾಪಿನಲ್ಲಿದ್ದರು. ನಾಲ್ಕು ಗಂಟೆಗೇ ಕತ್ತಲಾಗಿತ್ತು. ಬಸ್ಸು ಬಂದು ಬಾಗಿಲು ತೆರೆಯಿತು. ಸ್ಟಾಪಿನಲ್ಲಿ ಅವರೊಬ್ಬರೇ. ಆದರೂ ಹತ್ತಲಿಲ್ಲ. ಪಕ್ಕಕ್ಕೆ ಸರಿದು, ಮೊಣಕೈ ಹಿಡಿದು ಹತ್ತಿಸುವಂತೆ ಕೈ ಚಾಚಿ ನಿಂತರು, ಐದು ತಿಂಗಳ ಬಸುರಿಗೆ ಮೆಟ್ಟಿಲು ಹತ್ತಲು ಬೇಕಾಗುವಷ್ಟು ಹೊತ್ತು. ಆಮೇಲೆ ತಾವು ಹತ್ತಿ, ಕಿಟಕಿಯ ಸೀಟು ಬಿಟ್ಟು ಈಚೆ ಕೂತರು.

ಅವರು ಕೂತ ಮೇಲೂ ಬಸ್ಸು ಹೊರಡಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡುತ್ತ, ಇನ್ನೊಬ್ಬರು ಸರಿಯಾಗಿ ಕೂರಲಿ ಎಂದು ಕಾದ. ಆಮೇಲೆ ಹೊರಟ.

ನಾನು ಓಡಿದ್ದರೆ ಆ ಬಸ್ಸು ಸಿಗುತ್ತಿತ್ತು. ಓಡಲಿಲ್ಲ.